ಮಾನವ ಭೂಗೋಳದಲ್ಲಿ ಕಾಣದ ಅರ್ಧ

ಬಂಗಾಳವನ್ನು ಒಡೆದವನೆಂದು ನಾವು ಶಾಲೆಯಲ್ಲಿ ಓದಿದ ಲಾರ್ಡ್ ಕರ್ಜನ್, ಅದಕ್ಕೂ ಹನ್ನೆರಡು ವರ್ಷ ಮೊದಲೇ ಲಂಡನ್ನಿನಲ್ಲಿ ಒಂದು ಬಾಗಿಲು ಮುಚ್ಚಿಸಿದ್ದ. 1892ರಲ್ಲಿ ಅಲ್ಲಿನ ಭೂಗೋಳ ಸಂಘವಾದ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಇಸಬೆಲ್ಲಾ ಬರ್ಡ್ ಅವರನ್ನು ಫೆಲೋ, ಅಂದರೆ ಸದಸ್ಯೆ, ಆಗಿ ಸೇರಿಸಿಕೊಂಡಿತ್ತು. ಆಕೆ ಕುದುರೆಯೇರಿ ರಾಕಿ ಪರ್ವತಗಳನ್ನು ಸುತ್ತಿದವರು, ಲಡಾಖಿನವರೆಗೂ ಬಂದವರು. ಆದರೂ ಹೆಂಗಸರು ಅನ್ವೇಷಣೆಗೆ ಹೇಳಿಮಾಡಿಸಿದವರಲ್ಲ ಎಂದು ಕರ್ಜನ್ ಮರುವರ್ಷ ಪತ್ರಿಕೆಗೆ ಬರೆದ. ಹೊಸ ಸದಸ್ಯೆಯರ ಪ್ರವೇಶ ನಿಂತಿತು. ಬಾಗಿಲು ಮತ್ತೆ ತೆರೆದದ್ದು 1913ರಲ್ಲಿ. ಆಗ ಅಧ್ಯಕ್ಷನಾಗಿದ್ದವನೂ ಇದೇ ಕರ್ಜನ್!

ಸದಸ್ಯತ್ವವೇನೋ ಸಿಕ್ಕಿತು, ಭೂಗೋಳಶಾಸ್ತ್ರ ಮಾತ್ರ ಗಂಡಸಿನದಾಗಿಯೇ ಉಳಿಯಿತು. ನಗರದ ಮಾದರಿಗಳಲ್ಲಿ ಬೆಳಿಗ್ಗೆ ಮನೆ ಬಿಟ್ಟು ಸಂಜೆ ಮರಳುವ ನೌಕರನೊಬ್ಬನಿದ್ದ. ಅವನ ಬುತ್ತಿ ಕಟ್ಟಿದವರು ಲೆಕ್ಕಕ್ಕೇ ಬರಲಿಲ್ಲ. 1970ರ ದಶಕದಲ್ಲಿ ಅಲ್ಲೊಂದು ಇಲ್ಲೊಂದು ತಕರಾರು ಎದ್ದಿತು. ಸ್ತ್ರೀವಾದಿ ಭೂಗೋಳಶಾಸ್ತ್ರ ಮೊಳೆತದ್ದು ಅಲ್ಲಿಂದಲೇ. 1982ರಲ್ಲಿ ಭೂಗೋಳಜ್ಞೆಯರಾದ ಜಾನಿಸ್ ಮಂಕ್ ಮತ್ತು ಸೂಸನ್ ಹ್ಯಾನ್ಸನ್, ಜನ ಎಲ್ಲಿ, ಹೇಗೆ ಬದುಕುತ್ತಾರೆಂದು ಓದುವ ಮಾನವ ಭೂಗೋಳದಿಂದ ಮಾನವರಲ್ಲಿ ಅರ್ಧದಷ್ಟು ಜನರನ್ನೇ ಹೊರಗಿಡಬೇಡಿ ಎಂದು ಬರೆದರು. ಎರಡು ವರ್ಷಗಳ ನಂತರ ಬ್ರಿಟನ್ನಿನ ಮಹಿಳಾ ಭೂಗೋಳಜ್ಞರ ಗುಂಪು ಒಟ್ಟಾಗಿ ಪುಸ್ತಕವನ್ನೇ ತಂದಿತು.

ನನಗೆ ಹೆಚ್ಚು ಇಷ್ಟವಾಗುವುದು ಹ್ಯಾನ್ಸನ್ ಅವರು ಜೆರಾಲ್ಡಿನ್ ಪ್ರಾಟ್ ಜೊತೆ ಅಮೆರಿಕದ ವೂಸ್ಟರ್ ಪಟ್ಟಣದಲ್ಲಿ ಮಾಡಿದ ಕೆಲಸ. ಮನೆಮನೆಗೆ ಹೋಗಿ ಕೇಳಿದಾಗ ತಿಳಿದದ್ದಿಷ್ಟು: ಹೆಂಗಸರು ಮನೆಯ ಹತ್ತಿರವೇ ಕೆಲಸ ಹುಡುಕುತ್ತಾರೆ, ಕೆಲಸದ ಸುಳಿವು ಸಿಗುವುದೂ ಹೆಚ್ಚಾಗಿ ನೆರೆಹೊರೆಯವರಿಂದ. ಗಂಡ ಒಂದು ಪಾಳಿ, ಹೆಂಡತಿ ಇನ್ನೊಂದು ಪಾಳಿ. ನಡುವೆ ಮಕ್ಕಳ ಹೊಣೆ ಕೈಯಿಂದ ಕೈಗೆ. ಇದನ್ನು ಬಲ್ಲ ಕೆಲವು ಮಾಲೀಕರು ಅಂಥ ಹೆಂಗಸರು ಇರುವ ಬಡಾವಣೆಗಳನ್ನೇ ನೋಡಿ ಉದ್ಯಮ ಹೂಡಿದ್ದರು. ದೂರ ಹೋಗಲಾಗದವರ ಸಂಬಳ ಏಕೆ ಏರುವುದಿಲ್ಲ ಎಂಬುದಕ್ಕೆ ಉತ್ತರ ಊರಿನ ನಕ್ಷೆಯಲ್ಲೇ ಇತ್ತು.

1993ರಲ್ಲಿ ಭೂಗೋಳಜ್ಞೆ ಜಿಲಿಯನ್ ರೋಸ್ ವಾದವನ್ನು ಇನ್ನೂ ಆಳಕ್ಕೆ ಒಯ್ದರು: ದೋಷ ಬಿಟ್ಟುಹೋದ ಅಂಕಿಅಂಶಗಳಲ್ಲಷ್ಟೇ ಅಲ್ಲ, ಭೂಗೋಳಜ್ಞ ನೆಲವನ್ನು ನೋಡುವ ಕಣ್ಣಿನಲ್ಲೇ ಇದೆ. ಮರುವರ್ಷ ಈ ಕ್ಷೇತ್ರಕ್ಕೆ ತನ್ನದೇ ನಿಯತಕಾಲಿಕವೂ ಬಂತು. ಆದರೆ ‘ಹೆಣ್ಣು’ ಎಂದರೆ ಬಿಳಿಯ, ಮಧ್ಯಮವರ್ಗದ ಹೆಣ್ಣೇ ಎಂಬ ಆಕ್ಷೇಪವೂ ಜೊತೆಗೇ ಇತ್ತು, ಅದು ನ್ಯಾಯವಾದದ್ದೇ. ಭಾರತದಲ್ಲಿ ಸರಸ್ವತಿ ರಾಜು ಮತ್ತು ಸಂಗಡಿಗರು 1999ರಲ್ಲಿ ಹೆಣ್ಣು-ಗಂಡುಗಳ ಅಟ್ಲಾಸ್ ಒಂದನ್ನು ಹೊರತಂದರು.

ನಕ್ಷೆಯ ತಂತ್ರಾಂಶ ಗಂಡಸರ ಆಟಿಕೆ ಎಂದು ದೂರವಿಟ್ಟವರೂ ಇದ್ದರು. ಭೂಗೋಳಜ್ಞೆ ಮೇ-ಪೋ ಕ್ವಾನ್ ಅದನ್ನೇ ಕೈಗೆತ್ತಿಕೊಂಡರು. 2001ರ ಸೆಪ್ಟೆಂಬರ್ ದಾಳಿಯ ನಂತರ ಓಹಿಯೊದ ಕೊಲಂಬಸ್‌ನಲ್ಲಿ ಮುಸ್ಲಿಂ ಮಹಿಳೆಯೊಬ್ಬರು ಕಾರು ಓಡಿಸುತ್ತಾ ಹಾದುಹೋಗುವ ರಸ್ತೆಗಳನ್ನು ಅವರು ಚಿತ್ರಿಸಿದರು. ಅದರಲ್ಲಿ ಕಟ್ಟಡಗಳಿಗೆ ಬಣ್ಣ ಬಂದದ್ದು ಆಕೆಯ ಭಯದಿಂದ.