ಫೋನ್ ಎತ್ತದವರ ಲೆಕ್ಕ

ಮದ್ಯದ ಚಟದ ಮೇಲೆ ಅಧ್ಯಯನ ಮಾಡುವವರನ್ನು ಕೇಳಿ ನೋಡಿ. ಅವರ ನಿದ್ದೆ ಕೆಡಿಸುವುದು ಫೋನ್ ಎತ್ತದ ಜನ. ಮೊದಲ ದಿನ ಬಂದು ಹೆಸರು ಕೊಟ್ಟಿರುತ್ತಾರೆ, ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿರುತ್ತಾರೆ. ಮೂರು ತಿಂಗಳಾದ ಮೇಲೆ ಹೇಗಿದ್ದಾರೆ ಅಂತ ವಿಚಾರಿಸಲು ಫೋನ್ ಮಾಡಿದರೆ ರಿಂಗ್ ಆಗುತ್ತಲೇ ಇರುತ್ತದೆ. ಕೆಲವರು ಊರು ಬಿಟ್ಟಿರಬಹುದು. ಕೊಡಗಿನಲ್ಲಾದರೆ ಮಳೆಗಾಲದಲ್ಲಿ ಟವರ್ ಕೈಕೊಟ್ಟಿರಬಹುದು. ಇನ್ನು ಕೆಲವರು ಮತ್ತೆ ಕುಡಿಯಲು ಶುರು ಮಾಡಿರುತ್ತಾರೆ, ಹೇಳಿಕೊಳ್ಳಲು ನಾಚಿಕೆ.

ಇವರು ಕೈತಪ್ಪಿದರೆ ಲೆಕ್ಕ ಹೇಗೆ ಕೆಡುತ್ತದೆ ನೋಡಿ. ಒಂದು ಮದ್ಯವರ್ಜನ ಶಿಬಿರಕ್ಕೆ 60 ಜನ ಸೇರಿದರು ಅಂದುಕೊಳ್ಳೋಣ. ವರ್ಷ ಕಳೆದ ಮೇಲೆ 30 ಜನ ಮಾತ್ರ ಸಿಕ್ಕರು. ಅವರಲ್ಲಿ 24 ಜನ ಕುಡಿತ ಬಿಟ್ಟಿದ್ದಾರೆ. ಸಿಕ್ಕವರನ್ನೇ ಎಣಿಸಿದರೆ ನೂರಕ್ಕೆ 80 ಜನ ಗೆದ್ದರು ಅಂತ ಬ್ಯಾನರ್ ಹಾಕಬಹುದು. ಸಿಗದ 30 ಜನರೂ ಮತ್ತೆ ಕುಡಿಯುತ್ತಿದ್ದಾರೆ ಅಂತ ಹಿಡಿದರೆ ನೂರಕ್ಕೆ 40. ಅದೇ ಶಿಬಿರ, ಅದೇ ಜನ. ಸತ್ಯ ಬಹುಶಃ ಇವೆರಡರ ನಡುವೆ ಎಲ್ಲೋ ಇದೆ. ಅದು ಎಲ್ಲಿದೆ ಅಂತ ಹೇಳಬಲ್ಲವರು ಫೋನ್ ಎತ್ತದ ಆ 30 ಜನ ಮಾತ್ರ.

ಅಧ್ಯಯನಕ್ಕೆ ಸೇರಲು ಹಿಂದೇಟು ಹಾಕುವವರು ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ: 'ನಾನು ಮಧ್ಯದಲ್ಲಿ ಜಾರಿಬಿಟ್ಟರೆ ಅವರ ಕೆಲಸ ಹಾಳಾಗುತ್ತದೆ.' ಇಲ್ಲ. ಜಾರಿದ್ದನ್ನು ಮುಚ್ಚಿಟ್ಟರೆ ಹಾಳಾಗುತ್ತದೆ. ಚಿಕಿತ್ಸೆ ಯಾರಿಗೆ ಹಿಡಿಯಲಿಲ್ಲ, ಎಷ್ಟನೇ ವಾರದಲ್ಲಿ ಕೈಕೊಟ್ಟಿತು ಅನ್ನುವುದು ಗೊತ್ತಾಗದೆ ಮುಂದಿನ ಚಿಕಿತ್ಸೆಯನ್ನು ಸುಧಾರಿಸುವುದು ಹೇಗೆ? ಸಂಶೋಧಕರಿಗೆ ನಿಮ್ಮಿಂದ ಶುಭ ಸುದ್ದಿ ಬೇಕಿಲ್ಲ, ನಿಜ ಬೇಕು.

ಚೆನ್ನಾಗಿ ನಡೆದ ಅಧ್ಯಯನ ಹೇಗಿರುತ್ತದೆ ಅನ್ನುವುದಕ್ಕೆ ಗೋವಾದ ಒಂದು ಉದಾಹರಣೆ ಕೊಡುತ್ತೇನೆ. ಸಂಗಾತ್ ಸಂಸ್ಥೆಯ ಅಭಿಜಿತ್ ನಾಡಕರ್ಣಿ, ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿದ್ದು. 2017ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಆರೋಗ್ಯಕ್ಕೆ ಹಾನಿಯಾಗುವಷ್ಟು ಕುಡಿಯುವ 377 ಗಂಡಸರು ಒಪ್ಪಿ ಸೇರಿದರು. ಯಾರು ಯಾವ ಗುಂಪಿಗೆ ಅನ್ನುವುದನ್ನು ವೈದ್ಯರಾಗಲಿ ರೋಗಿಗಳಾಗಲಿ ಆರಿಸುವಂತಿರಲಿಲ್ಲ, ಚೀಟಿ ಎತ್ತಿದ ಹಾಗೆ ನಿರ್ಧಾರವಾಯಿತು. ಒಂದು ಗುಂಪಿಗೆ ಆರೋಗ್ಯ ಕೇಂದ್ರದ ಆರೈಕೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಹೆಚ್ಚೆಂದರೆ ನಾಲ್ಕು ಸಲ ಆಪ್ತ ಸಮಾಲೋಚನೆ. ಮಾತಾಡಿಸಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳ ನಂತರ ಸಮಾಲೋಚನೆ ಸಿಕ್ಕವರಲ್ಲಿ ನೂರಕ್ಕೆ 36 ಜನರ ಕುಡಿತ ಅಪಾಯದ ಗೆರೆಗಿಂತ ಕೆಳಗೆ ಇಳಿದಿತ್ತು. ಸಿಗದವರಲ್ಲಿ ನೂರಕ್ಕೆ 26.

ಈ 26 ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ವಿಶೇಷ ಸಮಾಲೋಚನೆ ಇಲ್ಲದೆಯೂ ಇಷ್ಟು ಜನ ಸುಧಾರಿಸಿದ್ದಾರೆ, ಅಲ್ವಾ? ಜನ ಆಸ್ಪತ್ರೆಗೆ ಬರುವುದು, ಅಧ್ಯಯನಕ್ಕೆ ಸೇರುವುದು ಹೆಚ್ಚಾಗಿ ಪರಿಸ್ಥಿತಿ ತೀರಾ ಕೆಟ್ಟಾಗ. ಅಲ್ಲಿಂದ ಮುಂದೆ ಒಂದಿಷ್ಟು ಜನ ತಾವಾಗಿಯೇ ಮೇಲಕ್ಕೆ ಬರುತ್ತಾರೆ. 'ವಾರಕ್ಕೆ ಎಷ್ಟು ಕುಡಿಯುತ್ತೀರಿ' ಅಂತ ಯಾರೋ ಕೂರಿಸಿಕೊಂಡು ಕೇಳಿದ್ದಕ್ಕೇ ಕೆಲವರ ಕುಡಿತ ಕಡಿಮೆಯಾಗುತ್ತದೆ. ಹೋಲಿಸಿ ನೋಡಲು ಎರಡನೇ ಗುಂಪು ಇಲ್ಲದಿದ್ದರೆ ಆ 36ರ ಪೂರ್ತಿ ಹೆಸರು ಸಮಾಲೋಚನೆಗೇ ಹೋಗುತ್ತಿತ್ತು. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂಮಳೆ ಸರಿಯಾಗಿ ಬಿದ್ದ ವರ್ಷ ಯಾವ ಗೊಬ್ಬರ ಮಾರಿದವನಿಗೂ ಒಳ್ಳೆಯ ಹೆಸರೇ. ಮಳೆಯ ಪಾಲೆಷ್ಟು, ಗೊಬ್ಬರದ ಪಾಲೆಷ್ಟು ಅಂತ ತಿಳಿಯಬೇಕಾದರೆ ಗೊಬ್ಬರ ಹಾಕದ ಸಾಲೂ ಅದೇ ತೋಟದಲ್ಲಿ ಇರಬೇಕು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ.

ಹಾಗಾಗಿ ಸೇರುವಾಗಲೇ ಒಂದು ಮಾತು ತಿಳಿದಿರಲಿ. ಅಧ್ಯಯನ ಅಂದರೆ ಚಿಕಿತ್ಸೆ ಅಂತಲ್ಲ. ಹೊಸ ಔಷಧಿಯೋ ಹೊಸ ವಿಧಾನವೋ ನಿಮ್ಮ ಪಾಲಿಗೆ ಬಾರದೆ ಹೋಗಬಹುದು. ಅದು ಬಂದವರಿಗೆ ಉಪಯೋಗವಾಗದೆಯೂ ಇರಬಹುದು.

ಇನ್ನು ಪ್ರಶ್ನೆಗಳ ವಿಷಯ. ಕುಡಿತವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು 40 ಅಂಕ, 8 ಮುಟ್ಟಿದರೇ ಎಚ್ಚರಿಕೆ. ಅದರ ಮೂರನೇ ಪ್ರಶ್ನೆ: ಒಂದೇ ಸಲಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ 'ಡ್ರಿಂಕ್' ಎಷ್ಟು ಸಲ ಕುಡಿಯುತ್ತೀರಿ? ಕೇಳಿದವರು 'ಅಯ್ಯೋ, ಆರೆಲ್ಲ ಇಲ್ಲಪ್ಪ' ಅನ್ನುತ್ತಾರೆ. ಇಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. ನಮ್ಮ ವಿಸ್ಕಿ, ರಮ್, ಬ್ರಾಂಡಿಯಲ್ಲಿ ಅದು ಸುಮಾರು 30 ಮಿಲಿ. ಅಂದರೆ 90 ಮಿಲಿಯ ಪ್ಯಾಕೆಟ್ ಒಂದಕ್ಕೆ ಮೂರು ಡ್ರಿಂಕ್. 'ಬರೀ ಒಂದು ಕ್ವಾರ್ಟರ್ ಅಷ್ಟೇ' ಅನ್ನುವ 180 ಮಿಲಿಗೆ ಸರಿಯಾಗಿ ಆರು! 650 ಮಿಲಿಯ ಸ್ಟ್ರಾಂಗ್ ಬಿಯರ್ ಬಾಟಲಿ ಕೂಡ ಹತ್ತಿರ ಹತ್ತಿರ ನಾಲ್ಕು. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಕ್ಕಿಲ್ಲ. ಕೇಳುವವರ ಅಳತೆ ಬೇರೆ, ಕುಡಿಯುವವರ ಅಳತೆ ಬೇರೆ. ಒಳ್ಳೆಯ ಸಂಶೋಧಕರು ಬಾಟಲಿ, ಗ್ಲಾಸುಗಳ ಚಿತ್ರ ತೋರಿಸಿ ಕೇಳುತ್ತಾರೆ.

ಇನ್ನೊಂದು ವಿಧಾನ ಕ್ಯಾಲೆಂಡರಿನದು. ಸೊಬೆಲ್ ಎಂಬ ದಂಪತಿ ರೂಪಿಸಿದ್ದು. ಹೋದ ತಿಂಗಳು ಯಾವ ಯಾವ ದಿನ ಎಷ್ಟು ಕುಡಿದಿರಿ ಅಂತ ಸುಮ್ನೆ ಕೇಳಿದರೆ ಯಾರಿಗೆ ನೆನಪಿರುತ್ತದೆ? ಅದಕ್ಕೇ ಕ್ಯಾಲೆಂಡರ್ ಮುಂದಿಟ್ಟು ಮೊದಲು ಮರೆಯದ ದಿನಗಳನ್ನು ಗುರುತು ಹಾಕುತ್ತಾರೆ. ಆಮೇಲೆ ಅವುಗಳ ಹಿಂದೆ ಮುಂದೆ ತಡಕುತ್ತಾರೆ. ಕೊಡಗಿನಲ್ಲಿ ಇದನ್ನು ಮಾಡುವುದಾದರೆ ಬೆಂಗಳೂರಿನ ಕ್ಯಾಲೆಂಡರ್ ಸಾಲದು. ಇಲ್ಲಿ ಗುರುತು ಹಾಕಬೇಕಾದದ್ದು ಕೈಲ್ ಪೊಳ್ದ್ ಹಬ್ಬ, ತಲಕಾವೇರಿ ತೀರ್ಥೋದ್ಭವ, ಪುತ್ತರಿ ಹಬ್ಬ, ನೆಂಟರ ಮದುವೆ, ಮಿಲಿಟರಿ ಕ್ಯಾಂಟೀನಿಗೆ ಹೋದ ದಿನ. ಲೈನ್ ಮನೆಯಲ್ಲಿರುವ ಕಾರ್ಮಿಕರಿಗೆ ಬಟವಾಡೆಯ ದಿನ, ಸಂತೆಯ ದಿನ. ಅರೇಬಿಕಾ ಕೊಯ್ಲಿನ ಕಾಲದ ಕುಡಿತವೂ, ಕೆಲಸ ಕಡಿಮೆ ಇರುವ ಆಟಿ ಮಳೆಯ ಕುಡಿತವೂ ಒಂದೇ ಇರಬೇಕೆಂದಿಲ್ಲ. ಜುಲೈನಲ್ಲಿ ಒಂದು ಸಲ ಕೇಳಿ ವರ್ಷಕ್ಕೆಲ್ಲ ಗುಣಿಸಿದರೆ ಏನೂ ಸಿಗುವುದಿಲ್ಲ.

ಭಾಷೆಯೂ ಅಷ್ಟೇ. ಮನಸ್ಸಿನ ಬೇಸರ, ಕಳವಳದ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದರೆ ಕೊಡಗಿನಲ್ಲಿ ಕೆಲಸ ಮುಗಿಯಿತು ಅಂತಿಲ್ಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವರ ಮಾತು, ಮಲಯಾಳ, ತುಳು ಆಡುವವರು ಇಲ್ಲಿದ್ದಾರೆ. ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರೂ ಇದ್ದಾರೆ. ದುಃಖವನ್ನು ಹೇಳಿಕೊಳ್ಳುವುದು ಮನೆಮಾತಿನಲ್ಲಿ.

ಕುಡಿದದ್ದನ್ನು ರಕ್ತದಲ್ಲೇ ನೋಡಬಹುದಲ್ಲ, ಕೇಳುವುದೇಕೆ ಅನ್ನಬಹುದು. ನೋಡಬಹುದು. ಆಲ್ಕೋಹಾಲ್ ದೇಹಕ್ಕೆ ಹೋದಾಗ ಮಾತ್ರ ಕೆಂಪು ರಕ್ತಕಣಗಳ ಪೊರೆಯಲ್ಲಿ ಫಾಸ್ಫಟೈಡಿಲ್ ಎಥನಾಲ್ ಎಂಬ ವಸ್ತು ಹುಟ್ಟುತ್ತದೆ. ಎರಡರಿಂದ ನಾಲ್ಕು ವಾರ ಅದರ ಗುರುತು ಸಿಗುತ್ತದೆ. ಆದರೆ ಯಾಕೆ ಕುಡಿದರು, ಯಾರ ಜೊತೆ, ಕುಡಿಯದೆ ಇದ್ದ ದಿನ ಹೇಗೆ ತಡೆದುಕೊಂಡರು ಅನ್ನುವುದನ್ನು ರಕ್ತ ಹೇಳುವುದಿಲ್ಲ. ಕೇಳುವ ಹೊತ್ತಿಗೆ ಅಮಲಿನಲ್ಲಿ ಇಲ್ಲದಿದ್ದರೆ, ಹೇಳಿದ್ದು ಹೊರಗೆ ಹೋಗುವುದಿಲ್ಲ ಅಂತ ನಂಬಿಕೆ ಬಂದರೆ, ಜನ ತಮ್ಮ ಕುಡಿತದ ಬಗ್ಗೆ ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತಾರೆ. ಇದು ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಮತ್ತೆ ಮತ್ತೆ ಕಂಡುಕೊಂಡದ್ದು.

ಎಲ್ಲವೂ ನಿಂತಿರುವುದು ಆ ನಂಬಿಕೆಯ ಮೇಲೆ. ಕೊಡಗಿನಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. 2011ರ ಜನಗಣತಿಯ ಪ್ರಕಾರ ಇಡೀ ಜಿಲ್ಲೆಯ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ದೊಡ್ಡ ಸಂಶೋಧನೆಗಳಲ್ಲಿ ಹೆಸರು ತೆಗೆದು ಒಂದು ಸಂಖ್ಯೆ ಕೊಟ್ಟರೆ ಗುಟ್ಟು ಉಳಿಯಿತು ಅಂದುಕೊಳ್ಳುತ್ತಾರೆ. ಇಲ್ಲಿ ಅದು ಸಾಲದು. 'ವಿರಾಜಪೇಟೆ ತಾಲ್ಲೂಕಿನ ಇಂಥ ಗ್ರಾಮ, 58 ವರ್ಷ, ನಿವೃತ್ತ ಸುಬೇದಾರ್, ಎರಡು ಸಲ ಬೆಂಗಳೂರಿನಲ್ಲಿ ಅಡ್ಮಿಟ್' ಅಂತ ಬರೆದರೆ ಒಕ್ಕದ (ಕೊಡವ ಮನೆತನದ) ಹೆಸರು ಬೇರೆ ಹೇಳಬೇಕೇ? ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಇಂಥ ಕಡೆ ಗ್ರಾಮ ಬಿಟ್ಟು ಜಿಲ್ಲೆ ಮಾತ್ರ ಬರೆಯಬೇಕು. ವಯಸ್ಸನ್ನು '50ರಿಂದ 60' ಅಂತ ಹಾಕಬೇಕು. ಕೆಲಸದ ವಿವರ ಬಿಡಬೇಕು. ಬೆರಳೆಣಿಕೆಯಷ್ಟು ಜನರಿರುವ ಗುಂಪನ್ನು ಪಟ್ಟಿಯಲ್ಲಿ ಬೇರೆಯಾಗಿ ತೋರಿಸಬಾರದು. ಮಾತಾಡಿಸುವ ಜಾಗವೂ ಮುಖ್ಯ. 'ವ್ಯಸನಮುಕ್ತಿ' ಅಂತ ಬೋರ್ಡ್ ಹಾಕಿಕೊಂಡ ಜೀಪು ಲೈನ್ ಮನೆ ಮುಂದೆ ನಿಂತರೆ ಕಥೆ ಮುಗಿಯಿತು. ಬಿಪಿ, ಶುಗರ್ ನೋಡುವ ಆರೋಗ್ಯ ಕೇಂದ್ರದ ಪಕ್ಕದ ಕೋಣೆ ಎಷ್ಟೋ ವಾಸಿ. ಮದುವೆಮನೆಯಲ್ಲಿ ಗ್ಲಾಸ್ ಬೇಡ ಅಂದರೆ ನಾಲ್ಕು ಜನ ಕಾರಣ ಕೇಳುವ ಊರಿದು. ಬಿಟ್ಟಿದ್ದೇನೆ ಅನ್ನುವುದನ್ನೂ ಗುಟ್ಟಾಗಿಡಬೇಕಾದವರು ಇದ್ದಾರೆ.

ಗುಟ್ಟಿಗೆ ಒಂದು ಮಿತಿಯೂ ಇದೆ. ಜೀವ ತೆಗೆದುಕೊಳ್ಳುವ ಯೋಚನೆ ಇದೆ ಅಂತ ಯಾರಾದರೂ ಹೇಳಿದರೆ ಸಂಶೋಧಕರು ಸುಮ್ಮನೆ ಬರೆದುಕೊಂಡು ಹೋಗುವಂತಿಲ್ಲ, ಸಹಾಯಕ್ಕೆ ಜನ ಕರೆಯಬೇಕು. ಇದನ್ನು ಮೊದಲೇ ಹೇಳಿರಬೇಕು.

ಒಪ್ಪಿಗೆಯ ಬಗ್ಗೆ ಕಾನೂನು ಗಟ್ಟಿಯಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರುತ್ತವೆ. ಅದರ 99ನೇ ಸೆಕ್ಷನ್ ಪ್ರಕಾರ ಔಷಧಿ ಕೊಡುವುದಕ್ಕಷ್ಟೇ ಅಲ್ಲ, ಸಂಶೋಧನೆಗೆ ಅಂತ ಸಂದರ್ಶನ ಮಾಡುವುದಕ್ಕೂ ತಿಳಿದು, ಸ್ವಂತ ಇಚ್ಛೆಯಿಂದ ಕೊಟ್ಟ ಒಪ್ಪಿಗೆ ಬೇಕು. ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಬುಡಕಟ್ಟು ಜನರ ಹಾಡಿಯಲ್ಲಿ ಯಜಮಾನರು ಒಪ್ಪಿದರು ಅಂದರೆ ಹಾಡಿಯವರೆಲ್ಲ ಒಪ್ಪಿದ ಹಾಗಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನಿಯಮಗಳೂ ಇದನ್ನೇ ಹೇಳುತ್ತವೆ. ತೋಟದ ಮಾಲೀಕರು, ಲೆಕ್ಕ ಬರೆಯುವ ರೈಟರು ಹೇಳಿದರು ಅಂತ ಕಾರ್ಮಿಕ ಬಂದು ಹೆಬ್ಬೆಟ್ಟು ಒತ್ತಿದರೆ ನನ್ನ ಲೆಕ್ಕದಲ್ಲಿ ಅದು ಒಪ್ಪಿಗೆಯೇ ಅಲ್ಲ. ಅವನ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಕೊಡುವುದು ನ್ಯಾಯ. ಬೇಡ ಅನ್ನಲು ಆಗದಷ್ಟು ದುಡ್ಡು ತೋರಿಸುವುದು ತಪ್ಪು.

ಸೇರುವ ಮುಂಚೆ ಮಾಹಿತಿ ಪತ್ರದ ಒಂದು ಪ್ರತಿ ಮನೆಗೆ ಒಯ್ದು ಓದಿಸಿ ನೋಡಿ. ಅದರಲ್ಲಿ ಅಧ್ಯಯನಕ್ಕೆ ಅನುಮತಿ ಕೊಟ್ಟ ನೈತಿಕ ಸಮಿತಿಯ ಫೋನ್ ನಂಬರ್ ಇರಬೇಕು. ಔಷಧಿ ಪರೀಕ್ಷೆಯಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆಯೂ ಇರಬೇಕು. ಆ ಪಟ್ಟಿ 2007ರಿಂದ ಇದೆ, ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ಒಂದು ಎಚ್ಚರಿಕೆ: ದಿನಾ ಜಾಸ್ತಿ ಕುಡಿಯುವವರು ಅಧ್ಯಯನದವರ ಮುಂದೆ ಒಳ್ಳೆಯವರಾಗಿ ಕಾಣಲೆಂದು ದಿಢೀರನೆ ನಿಲ್ಲಿಸಬೇಡಿ. ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಬುದ್ಧಿ ಕದಡಿ ಜೀವಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾದಲ್ಲೇ ಕುಡಿತ ಬಿಡಬೇಕು. ಅಧ್ಯಯನ ಬೇಡ, ಸಹಾಯ ಮಾತ್ರ ಸಾಕು ಅನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ಹಗಲು ರಾತ್ರಿ, ಕನ್ನಡದಲ್ಲೂ.

ಕುಡಿಯದವರೂ ಬೇಕು ಅನ್ನುವುದು ಅನೇಕರಿಗೆ ಗೊತ್ತಿಲ್ಲ. ನಿಮ್ಹಾನ್ಸ್ ಮತ್ತು ಬೆಂಗಳೂರಿನ ಇನ್ನೆರಡು ಸಂಶೋಧನಾ ಸಂಸ್ಥೆಗಳು ಸೇರಿ ನಡೆಸಿರುವ ಒಂದು ಕೆಲಸದಲ್ಲಿ, ಒಂದಕ್ಕಿಂತ ಹೆಚ್ಚು ಜನರಿಗೆ ತೀವ್ರ ಮಾನಸಿಕ ಕಾಯಿಲೆ ಅಥವಾ ಚಟ ಇರುವ ಕುಟುಂಬಗಳು ರಕ್ತ ಕೊಟ್ಟಿವೆ. ಆ ರಕ್ತದ ಕಣಗಳನ್ನು ಪ್ರಯೋಗಾಲಯದಲ್ಲಿ ಕಾಂಡಕೋಶಗಳಾಗಿ, ಅಂದರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶಗಳಾಗಿ, ಮಾಡುತ್ತಾರೆ. ಅವುಗಳಿಂದ ನರಕೋಶಗಳನ್ನು ಬೆಳೆಸುತ್ತಾರೆ. ತಮ್ಮನಿಗೆ ಕಾಯಿಲೆ ಬಂತು, ಅದೇ ಮನೆಯ ಅಣ್ಣನಿಗೆ ಬರಲಿಲ್ಲ. ಏಕೆ? ಇಬ್ಬರ ನರಕೋಶಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಬದುಕಿರುವ ಮನುಷ್ಯನ ಮಿದುಳನ್ನು ಹಾಗೆ ಕತ್ತರಿಸಿ ನೋಡಲು ಆಗುವುದಿಲ್ಲವಲ್ಲ. ಅಣ್ಣ 'ನನಗೇನಾಗಿದೆ, ನಾನ್ಯಾಕೆ ಬರಲಿ' ಅಂತ ಕೂತರೆ ಈ ಹೋಲಿಕೆಯೇ ಇಲ್ಲ.

ಇನ್ನು ಬರದೇ ಉಳಿದವರು. 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಗಂಡಸರಲ್ಲಿ ನೂರಕ್ಕೆ 27.3, ಹೆಂಗಸರಲ್ಲಿ 1.6 ಜನ ಮದ್ಯ ಸೇವಿಸುತ್ತಾರೆ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಚಿಕಿತ್ಸೆ ಸಿಕ್ಕಿದೆ ಅಂದವರು ಒಬ್ಬರು. ಆ 1.6ರಲ್ಲಿ ಮನೆಬಾಗಿಲಿಗೆ ಬಂದವರ ಮುಂದೆ ಹೇಳಿಕೊಳ್ಳಲಾಗದ ಹೆಣ್ಣುಮಕ್ಕಳು ಸೇರಿಲ್ಲ. ಗೋವಾದ ಆ 377 ಜನರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ನಾಲ್ಕು ಭೇಟಿಯ ಆ ಸಮಾಲೋಚನೆ ಹೆಂಗಸರಿಗೆ ಎಷ್ಟು ಹಿಡಿಯುತ್ತದೆ ಅಂತ ಕೇಳಿದರೆ ಆ ಅಧ್ಯಯನದಲ್ಲಿ ಉತ್ತರ ಇಲ್ಲ. ಹೆಂಗಸರು ಸೇರುವ ಇನ್ನೊಂದು ಅಧ್ಯಯನವೇ ಹೇಳಬೇಕು.