ಒಂದು ಡೆಸಿಬೆಲ್ ಜೋರು

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಒಂದು ಭಾನುವಾರವೆಲ್ಲಾ ಎರಡು ಆಂಪ್ಲಿಫೈಯರ್ ಮುಂದೆ ಕೂತಿದ್ದೆ. ಒಂದು ಹಳೆಯದು, ಇನ್ನೊಂದು ಅದರ ಮೂರು ಪಟ್ಟು ಬೆಲೆಯದು. ಅದೇ ವೀಣೆಯ ಸಿಡಿ, ಅದೇ ಸ್ಪೀಕರ್. ಹೊಸದರಲ್ಲಿ ಮೀಟು ಸ್ಪಷ್ಟ, ನಾದ ತುಂಬಿಕೊಂಡಿತ್ತು. ಖುಷಿಯಾಯಿತು.

ಆಮೇಲೆ ಸ್ಪೀಕರ್ ವೈರಿಗೆ ಮಲ್ಟಿಮೀಟರ್ ಹಿಡಿದೆ. ಹೊಸದರ ವೋಲ್ಟೇಜ್ ಶೇ. 12ರಷ್ಟು ಜಾಸ್ತಿ ಇತ್ತು. ಅಂದರೆ ಸದ್ದಿನ ಅಳತೆಯಾದ ಡೆಸಿಬೆಲ್‌ನಲ್ಲಿ ಹೇಳುವುದಾದರೆ ಸುಮಾರು 1 ಡೆಸಿಬೆಲ್ ಜೋರು. ಇಷ್ಟು ಸಣ್ಣ ವ್ಯತ್ಯಾಸ ಬಂದಾಗ ‘ಜೋರಾಯಿತು’ ಅಂತ ಅನಿಸುವುದೇ ಕಡಿಮೆ, ‘ಚೆನ್ನಾಗಿದೆ’ ಅನಿಸಿಬಿಡುತ್ತದೆ. ಸದ್ದು ಇಳಿದಂತೆ ನಮ್ಮ ಕಿವಿಗೆ ತಗ್ಗು ಸ್ವರಗಳು ಬೇಗ ಮಂಕಾಗುತ್ತವೆ, ಏರಿದರೆ ತುಂಬಿಕೊಳ್ಳುತ್ತವೆ. ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು.

ಎರಡರ ವಾಲ್ಯೂಮ್ ಸಮ ಮಾಡಿ, ಮಧ್ಯೆ ಒಂದು ಸ್ವಿಚ್ ಹಾಕಿದೆ. ಸದ್ದಿನ ಸೂಕ್ಷ್ಮ ನೆನಪು ಕೆಲವೇ ಸೆಕೆಂಡು ಉಳಿಯುವುದರಿಂದ ತಕ್ಷಣ ಬದಲಾಗಬೇಕು. ಅಕ್ಕನ ಮಗ ಎರಡು ಆಂಪ್ಲಿಫೈಯರ್‌ಗೂ ಟವಲ್ ಹೊದಿಸಿ, ನಾಣ್ಯ ಚಿಮ್ಮಿ, ಸ್ವಿಚ್ ಒತ್ತಿದ. “ಮಾವ, ಈಗ ಯಾವುದು ಹೇಳಿ?” 16 ಸಲದಲ್ಲಿ 9 ಸರಿ. ಸುಮ್ನೆ ಊಹೆ ಮಾಡಿದರೂ 8 ಸರಿಯಾಗುತ್ತದಲ್ವಾ! 12 ಬಂದಿದ್ದರೆ ನಂಬಬಹುದಿತ್ತು. ಬರೀ ಊಹೆಯಲ್ಲಿ 12 ಅಥವಾ ಜಾಸ್ತಿ ಬರುವುದು ನೂರಕ್ಕೆ ನಾಲ್ಕು ಸಲವೂ ಇಲ್ಲ. ಬೆಲೆ ಗೊತ್ತಿದ್ದ ಮನಸ್ಸೇ ಬೆಳಿಗ್ಗೆಯಿಂದ ಕೇಳುತ್ತಿತ್ತು.

ಸ್ಪೀಕರ್ ವಿಷಯ ಬೇರೆ, ಅಲ್ಲಿ ವ್ಯತ್ಯಾಸ ನಿಜಕ್ಕೂ ಕೇಳಿಸುತ್ತದೆ. ಮೂಲೆಯಲ್ಲಿದ್ದದ್ದನ್ನು ಎರಡು ಅಡಿ ಈಚೆ ಎಳೆದೆ, ಮೃದಂಗದ ಎಡಗಡೆಯ ಗುಂಯ್ ಅನ್ನುವ ಸದ್ದು ಇಳಿದುಹೋಯಿತು. 100 ಹರ್ಟ್ಸ್, ಅಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ ಸದ್ದಿನ ಅಲೆ ಸುಮಾರು 3.4 ಮೀಟರ್ ಉದ್ದ. ಅದು ಮುಂದಕ್ಕಷ್ಟೇ ಹೋಗದೆ ಸುತ್ತಲೂ ಹರಡುತ್ತದೆ. ಮೂಲೆಯ ಗೋಡೆಗಳು ಅದನ್ನು ವಾಪಸ್ ಕಳಿಸಿ ಸದ್ದಿಗೆ ಸದ್ದು ಸೇರಿಸುತ್ತವೆ.

ಕಿವಿ ಪಳಗಬೇಕಾದರೆ ಒಂದು ಸಲಕ್ಕೆ ಒಂದನ್ನೇ ಹಿಡಿಯಬೇಕು. ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರ ಕೂತು ನೋಡಿ. ಒಂದು ತಂತಿ 220, ಇನ್ನೊಂದು 222 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಎರಡು ಸಲ ನಾದ ಏರಿಳಿಯುತ್ತದೆ. ಹೊಸಬರಿಗೆ ಅದು ಕೇಳಿಸುವುದೇ ಇಲ್ಲ. ಮೇಷ್ಟ್ರು ಕೈಯಲ್ಲಿ ತಾಳದಂತೆ ತೋರಿಸಿದ ಮೇಲೆ ಕೇಳಿಸುತ್ತದೆ. ನಾನು ಗಾಯಕಿಯ ‘ಸ’ ಅಕ್ಷರವನ್ನು ಹಿಡಿದೆ, ಅದೊಂದನ್ನೇ, ಮೂರು ವಾರ. ಆಮೇಲೆ ಪರದೆಯ ಹಿಂದೆ ಎರಡು ಜೊತೆ ಸ್ಪೀಕರ್ ಇಡಿಸಿ, ಸದ್ದು ಸಮ ಮಾಡಿಸಿ ಕೂತೆ. ಒಂದರಲ್ಲಿ ‘ಸರಸ’ ಅನ್ನುವಾಗಿನ ‘ಸ’ ಚುಚ್ಚುತ್ತಿತ್ತು, ಇನ್ನೊಂದರಲ್ಲಿ ಮೆತ್ತಗಿತ್ತು. 16ಕ್ಕೆ 15 ಸರಿ.