ಸ್ಟಾರ್ ವಾರ್ಸ್ ನೋಡದವರು ‘ಆಂಡೋರ್’ ನೋಡಬಹುದೇ?

ಪ್ರಶ್ನೆ: ಸ್ಟಾರ್ ವಾರ್ಸ್‌ನ ಒಂದು ಸಿನಿಮಾವನ್ನೂ ನೋಡಿಲ್ಲ. ‘ಆಂಡೋರ್’ ಒಳ್ಳೆಯ ರಾಜಕೀಯ ಕಥೆ ಎಂದು ಕೇಳಿ ಶುರು ಮಾಡಿದೆ. ಎರಡು ಕಂತು ನೋಡುವಷ್ಟರಲ್ಲಿ ಬೇಸರ ಬಂತು, ಬಿಟ್ಟೆ. ಹಳೆಯದನ್ನೆಲ್ಲ ನೋಡಿಕೊಂಡು ಬಂದರೆ ಮಾತ್ರ ಅರ್ಥವಾಗುತ್ತದೆಯೇ? ಯಾವ ಕ್ರಮದಲ್ಲಿ ನೋಡಬೇಕು?

ಉತ್ತರ: ಹಳೆಯದು ಯಾವುದೂ ಬೇಡ. ಆಂಡೋರ್‌ನಿಂದಲೇ ಶುರು ಮಾಡಿ, ಆದರೆ ಮೂರು ಕಂತುಗಳನ್ನು ಒಟ್ಟಿಗೆ ನೋಡಿ. ನಿಮಗೆ ಬೇಸರ ಬಂದದ್ದಕ್ಕೆ ಕಾರಣ ಹಿನ್ನೆಲೆ ಗೊತ್ತಿಲ್ಲದ್ದಲ್ಲ, ಎರಡನೇ ಕಂತಿಗೆ ನಿಲ್ಲಿಸಿದ್ದು.

ಟೋನಿ ಗಿಲ್ರಾಯ್ ರೂಪಿಸಿದ ಈ ಸರಣಿಯಲ್ಲಿ ಎರಡು ಸೀಸನ್, ಒಟ್ಟು 24 ಕಂತುಗಳಿವೆ. ಮೊದಲ ಸೀಸನ್ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಎರಡನೆಯದು 2025ರ ಏಪ್ರಿಲ್–ಮೇ ತಿಂಗಳಲ್ಲಿ. ಭಾರತದಲ್ಲಿ ಅದು ಜಿಯೋಹಾಟ್‌ಸ್ಟಾರ್‌ನಲ್ಲಿ ಬಂತು. ಇದರ ಕಥೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ 2016ರ ‘ರೋಗ್ ಒನ್’ ಸಿನಿಮಾ ಶುರು. ಅದು ಮುಗಿಯುವ ಕ್ಷಣಕ್ಕೆ 1977ರ ಮೊದಲ ‘ಸ್ಟಾರ್ ವಾರ್ಸ್’ ಅಂಟಿಕೊಂಡಿದೆ. ತಯಾರಾದದ್ದು ಹಿಂದುಮುಂದಾಗಿ, ಕಥೆಯ ಕಾಲ ಮಾತ್ರ ನೇರ. ಹೊಸಬರು ಕಥೆಯ ಕಾಲವನ್ನೇ ಹಿಡಿದು ಹೋಗುವುದು ಒಳ್ಳೆಯದು. ಹಳೆಯ ಅಭಿಮಾನಿಗಳಿಗೆ ಕಥಾನಾಯಕ ಕ್ಯಾಸಿಯನ್ ಆಂಡೋರ್‌ನ ಮುಂದಿನ ಗತಿ ಮೊದಲೇ ಗೊತ್ತಿತ್ತು. ನಿಮಗೆ ಗೊತ್ತಿಲ್ಲ. ಅದು ಒಂದು ಭಾಗ್ಯವೇ, ಅದನ್ನು ಕಳೆದುಕೊಳ್ಳಬೇಡಿ.

ಈ ಸರಣಿಯಲ್ಲಿ ಜೇಡೈ ಎಂಬ ಮಂತ್ರಶಕ್ತಿಯ ಯೋಧರ ಹೋರಾಟವಿಲ್ಲ, ಅವರ ಬೆಳಕಿನ ಕತ್ತಿ ಲೈಟ್‌ಸೇಬರ್ ಇಲ್ಲ, ರಾಜವಂಶದ ರಹಸ್ಯವಿಲ್ಲ. ತಿಳಿದಿರಬೇಕಾದ ಹಿನ್ನೆಲೆ ಇಷ್ಟೇ. ಮೊದಲು ಒಂದು ಗಣರಾಜ್ಯವಿತ್ತು. ಅದರ ಚಾನ್ಸಲರ್ ಪಾಲ್ಪಟೀನ್ ಯುದ್ಧಕಾಲದ ತುರ್ತು ಅಧಿಕಾರವನ್ನು ಕೈಗೆ ತೆಗೆದುಕೊಂಡು, ಕೊನೆಗೆ ತಾನೇ ಚಕ್ರವರ್ತಿ ಎಂದು ಘೋಷಿಸಿಕೊಂಡ. ಆಂಡೋರ್ ಶುರುವಾಗುವ ಹೊತ್ತಿಗೆ ಅದಾಗಿ 14 ವರ್ಷ. ಸೆನೆಟ್ ಇನ್ನೂ ಇದೆ, ಸದಸ್ಯರು ಭಾಷಣ ಮಾಡುತ್ತಾರೆ, ಅದರಿಂದ ಏನೂ ಆಗುವುದಿಲ್ಲ. ಅಧಿಕಾರ ಇರುವುದು ಸೇನೆಯ ಕೈಯಲ್ಲಿ ಮತ್ತು ಐಎಸ್‌ಬಿ ಎಂಬ ಗುಪ್ತಚರ ಇಲಾಖೆಯ ಕೈಯಲ್ಲಿ. ಪರದೆಯ ಮೇಲೆ ‘ಬಿಬಿವೈ 5’ ಎಂದು ಕಂಡರೆ ಯಾವಿನ್ ಕದನಕ್ಕೆ ಐದು ವರ್ಷ ಮೊದಲು ಎಂದು ಓದಿಕೊಳ್ಳಿ. 1977ರ ಸಿನಿಮಾದ ಕೊನೆಯಲ್ಲಿ ನಡೆಯುವ ಯುದ್ಧವೇ ಆ ಕದನ. ಅಂಕಿ ಇಳಿಯುತ್ತಾ ಬಂದಂತೆ ಕಾಲ ಮುಂದಕ್ಕೆ ಹೋಗುತ್ತಿದೆ ಎಂದರ್ಥ.

ಇನ್ನು ಕಂತುಗಳ ವಿಷಯ. ಮೊದಲ ಮೂರು ಕಂತುಗಳು ಸೇರಿ ಒಂದು ಸಿನಿಮಾದಷ್ಟು ಕಥೆ. ಡಿಸ್ನಿ ಕೂಡ ಅವನ್ನು ಒಂದೇ ದಿನ ಬಿಡುಗಡೆ ಮಾಡಿತ್ತು. ಒಂದು ಮತ್ತು ಎರಡನೇ ಕಂತಿನಲ್ಲಿ ಫೆರಿಕ್ಸ್ ಊರಿನ ಜನ, ಅವರ ಸಾಲ, ಸಂಬಂಧ, ಗಲ್ಲಿಗಳನ್ನು ಜೋಡಿಸುತ್ತಾ ಹೋಗುತ್ತಾರೆ. ಅದೆಲ್ಲ ಕೆಲಸಕ್ಕೆ ಬರುವುದು ಮೂರನೇ ಕಂತಿನಲ್ಲಿ. ಮುಂದೆ 4ರಿಂದ 6 ಅಲ್ಡಾನಿಯ ದರೋಡೆ, 8ರಿಂದ 10 ನಾರ್ಕಿನಾ ಜೈಲು, 11 ಮತ್ತು 12 ಮತ್ತೆ ಫೆರಿಕ್ಸ್. ಒಂದು ಕಂತು ಹೆಚ್ಚುಕಡಿಮೆ ಮುಕ್ಕಾಲು ಗಂಟೆ, ಹಾಗಾಗಿ ಮೂರಕ್ಕೆ ಎರಡೂಕಾಲು ಗಂಟೆ ಇಟ್ಟುಕೊಂಡರೆ ಸಾಕು. ಹನ್ನೆರಡನೇ ಕಂತಿನ ಹೆಸರುಗಳ ಪಟ್ಟಿ ಮುಗಿಯುವವರೆಗೆ ಏಳಬೇಡಿ, ಅದರ ನಂತರ ಒಂದು ಚಿಕ್ಕ ದೃಶ್ಯವಿದೆ. ಜೈಲಿನ ಕೈದಿಗಳು ದಿನಗಟ್ಟಲೆ ಏನನ್ನು ಜೋಡಿಸುತ್ತಿದ್ದರು ಎಂಬುದು ತಿಳಿಯುವುದು ಅಲ್ಲಿಯೇ.

ಏಳನೇ ಕಂತು ಯಾವ ಗುಂಪಿಗೂ ಸೇರದೆ ಒಂಟಿಯಾಗಿ ನಿಂತಿದೆ. ಗುಂಡಿನ ಸದ್ದು ಕಡಿಮೆ ಎಂದು ಹಲವರು ಅದನ್ನು ಫೋನ್ ನೋಡುತ್ತಾ ಕಳೆದುಬಿಡುತ್ತಾರೆ. ರಾಜಕೀಯಕ್ಕಾಗಿ ನೋಡುವವರಿಗೆ ಇಡೀ ಸೀಸನ್‌ನ ಕೀಲು ಅದು. ಕಾರಣ ಹೇಳಬೇಕಾದರೆ ಮೊದಲ ಸೀಸನ್‌ನ ಒಂದಿಷ್ಟು ಕಥೆ ಬಿಟ್ಟುಕೊಡಬೇಕಾಗುತ್ತದೆ. ಬೇಡವೆನ್ನುವವರು ಮುಂದಿನ ಮೂರು ಪ್ಯಾರಾ ದಾಟಿ ಸಬ್‌ಟೈಟಲ್‌ನ ಮಾತಿಗೆ ಹೋಗಿ.

ಅಲ್ಡಾನಿಯಲ್ಲಿ ಬಂಡುಕೋರರು ಕದಿಯುವುದು ಒಂದು ಇಡೀ ವಲಯದ ಸೈನಿಕರ ಮೂರು ತಿಂಗಳ ಸಂಬಳ, ಅಲ್ಲಿನ ನಾಣ್ಯದಲ್ಲಿ 8 ಕೋಟಿ ಕ್ರೆಡಿಟ್. (ಈ ಪ್ರಸಂಗಕ್ಕೆ 1907ರ ಟಿಫ್ಲಿಸ್ ಬ್ಯಾಂಕ್ ದರೋಡೆ, ಅಂದರೆ ಸ್ಟಾಲಿನ್ ಹಿಂದೆ ನಿಂತು ನಡೆಸಿದ ದರೋಡೆ, ಸ್ಫೂರ್ತಿ ಎಂದು ಗಿಲ್ರಾಯ್ ಹೇಳಿದ್ದಾರೆ.) ಅದರ ಸಂಚು ಹೂಡಿದ ಲೂಥನ್‌ಗೆ ಹಣದಷ್ಟೇ ಬೇಕಾದದ್ದು ಸಾಮ್ರಾಜ್ಯದ ಸಿಟ್ಟು. ಸರ್ಕಾರ ಜನರ ಮೇಲೆ ಹರಿಹಾಯಲಿ, ಆಗ ಸುಮ್ಮನಿದ್ದವರೂ ಎದ್ದು ನಿಲ್ಲುತ್ತಾರೆ ಎಂಬುದು ಅವನ ಲೆಕ್ಕ. ಏಳನೇ ಕಂತಿನಲ್ಲಿ ಆ ಸಿಟ್ಟು ಕಾನೂನಿನ ರೂಪದಲ್ಲಿ ಬರುತ್ತದೆ: ತೆರಿಗೆ, ಕಣ್ಗಾವಲು, ಚಿಕ್ಕ ತಪ್ಪಿಗೂ ದೊಡ್ಡ ಶಿಕ್ಷೆ. ಆ ಕಾನೂನಿಗೆ ಮೊದಲಿಗರಾಗಿ ಸಿಕ್ಕಿಬೀಳುವವರಲ್ಲಿ ದರೋಡೆಯಲ್ಲಿ ಕೈಜೋಡಿಸಿದ್ದ ಕ್ಯಾಸಿಯನ್ ಒಬ್ಬ. ಬೀದಿಯಲ್ಲಿ ನಡೆದುಹೋಗುತ್ತಿದ್ದವನಿಗೆ, ಸುಳ್ಳು ಹೆಸರಿನಲ್ಲಿ, ಮಾಡದ ತಪ್ಪಿಗೆ ಆರು ವರ್ಷ. ಅವನು ಯಾರೆಂಬುದು ಹಿಡಿದವರಿಗೂ ಗೊತ್ತಿಲ್ಲ, ಶಿಕ್ಷೆ ಕೊಟ್ಟವರಿಗೂ ಗೊತ್ತಿಲ್ಲ.

ಇದೇ ಕಾನೂನಿನ ಇನ್ನೊಂದು ಪೆಟ್ಟು ಬೀಳುವುದು ಸೆನೆಟರ್ ಮಾನ್ ಮಾಥ್ಮಾ ಮೇಲೆ. ಈಕೆಯ ಎಳೆ ಸರಣಿಯ ಅತ್ಯುತ್ತಮ ರಾಜಕೀಯ ಬರವಣಿಗೆ ಎನ್ನಲು ಹಿಂಜರಿಕೆ ಬೇಕಿಲ್ಲ. ಆಕೆ ತನ್ನ ಕುಟುಂಬದ ಖಾತೆಯಿಂದ ಗುಟ್ಟಾಗಿ ಬಂಡಾಯಕ್ಕೆ ಹಣ ಕೊಡುತ್ತಿದ್ದಾಳೆ. ದರೋಡೆಯ ನಂತರ ಬ್ಯಾಂಕುಗಳ ತಪಾಸಣೆ ಬಿಗಿಯಾಗುತ್ತದೆ. ಖಾತೆಯಲ್ಲಿ 4 ಲಕ್ಷ ಕ್ರೆಡಿಟ್‌ಗೆ ಲೆಕ್ಕವಿಲ್ಲ. ಬಂಡಾಯಕ್ಕೆ ಹಣ ತಂದ ದರೋಡೆಯೇ ಬಂಡಾಯದ ಇನ್ನೊಂದು ಹಣದ ದಾರಿಯನ್ನು ಮುಚ್ಚುತ್ತದೆ! ಬಾಲ್ಯದ ಗೆಳೆಯ, ಬ್ಯಾಂಕಿನ ವ್ಯವಹಾರ ಬಲ್ಲ ಟೇ ಕೋಲ್ಮಾ ಹುಡುಕಿ ತರುವ ಪರಿಹಾರ ಡಾವೊ ಸ್ಕಲ್ಡನ್, ಕಪ್ಪುಹಣದಲ್ಲಿ ಬೆಳೆದ ಶ್ರೀಮಂತ. ಅವನಿಗೆ ಬಡ್ಡಿ ಬೇಡ, ದಲ್ಲಾಳಿ ಹಣವೂ ಬೇಡ. ತನ್ನ ಹದಿಹರೆಯದ ಮಗ ಆಕೆಯ ಮಗಳು ಲೀಡಾಳನ್ನು ಒಮ್ಮೆ ಭೇಟಿಯಾಗಲಿ, ಅಷ್ಟೇ. ಚಾಂಡ್ರಿಲಾ ಲೋಕದ ಸಂಪ್ರದಾಯದಲ್ಲಿ ಆ ಭೇಟಿಯ ಅರ್ಥ ಏನೆಂದು, ಚಿಕ್ಕ ವಯಸ್ಸಿನಲ್ಲೇ ಮದುವೆ ಮಾಡಿಸಿಕೊಂಡ ಮಾನ್‌ಗೆ ಬಿಡಿಸಿ ಹೇಳಬೇಕಿಲ್ಲ. ಹೆಣ್ಣು ನೋಡುವ ಶಾಸ್ತ್ರವನ್ನು ಕಂಡ ನಮಗೂ ಬೇಕಿಲ್ಲ. ಆ ಬೇಡಿಕೆಯ ಪರಿಣಾಮವೇ ಎರಡನೇ ಸೀಸನ್‌ನ ಮೊದಲ ಮೂರು ಕಂತುಗಳ ಬೆನ್ನೆಲುಬು.

ಎದುರಿನ ಪಾಳೆಯದಲ್ಲಿ ಐಎಸ್‌ಬಿ ಅಧಿಕಾರಿ ಡೆಡ್ರಾ ಮೀರೊ ಇದ್ದಾಳೆ. ಬೇರೆ ಬೇರೆ ವಲಯಗಳಲ್ಲಿ ಸೇನಾ ಸಾಮಗ್ರಿ ಕಳುವಾಗುತ್ತಿರುವುದನ್ನು ಗಮನಿಸಿ, ಇವೆಲ್ಲದರ ಹಿಂದೆ ಒಂದೇ ತಂಡವಿದೆ ಎಂದು ಊಹಿಸುತ್ತಾಳೆ. ಅವಳ ಊಹೆ ಸರಿ. ಆದರೆ ಪಕ್ಕದ ವಲಯದ ಕಡತ ಪಕ್ಕದ ಮೇಜಿನ ಅಧಿಕಾರಿಯದು, ಕೇಳಿದರೆ ಅದು ವ್ಯಾಪ್ತಿ ಮೀರಿದ ನಡೆ. ಬಂಡುಕೋರರು ಕಳ್ಳತನವನ್ನು ಹರಡಿ ಮಾಡುವುದಕ್ಕೆ ಇದೇ ಕಾರಣ: ಇಲಾಖೆಗಳ ನಡುವಿನ ಗಡಿಯೇ ಅವರಿಗೆ ಅಡಗುತಾಣ. ಈ ಕಚೇರಿ ಸಭೆಗಳಲ್ಲಿ ಯಾರು ಯಾರ ಕಡತಕ್ಕೆ ಕೈ ಹಾಕಿದರು, ಮೇಲಧಿಕಾರಿ ಪಾರ್ಟಗಾಜ್ ಯಾರ ಪರ ವಾಲಿದ ಎಂಬುದನ್ನು ಗಮನಿಸುತ್ತಾ ಹೋದರೆ ಯಾವ ಬಾಹ್ಯಾಕಾಶ ಯುದ್ಧಕ್ಕೂ ಕಡಿಮೆಯಿಲ್ಲದ ಬಿಗಿ ಸಿಗುತ್ತದೆ.

ಸಬ್‌ಟೈಟಲ್ ಹಾಕಿಕೊಂಡೇ ನೋಡಿ, ಊರು ಮತ್ತು ಮನುಷ್ಯರ ಹೆಸರು ಕಿವಿಗೆ ನಿಲ್ಲುವುದು ಕಷ್ಟ. ಮೊದಲ ಕಂತುಗಳಲ್ಲಿ ಕ್ಯಾಸಿಯನ್ ಬಾಲ್ಯ ಕಳೆದ ಕೆನಾರಿ ಲೋಕದ ಮಕ್ಕಳು ಆಡುವ ಮಾತಿಗೆ ಮಾತ್ರ ಅನುವಾದ ಬರುವುದಿಲ್ಲ. ಸೆಟ್ಟಿಂಗ್ ತಪ್ಪಿದೆ ಎಂದು ತಡಕಾಡಬೇಡಿ, ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ಇನ್ನೊಂದು ಸಲಹೆ: ಘೋರ್ಮನ್ ಎಂಬ ಹೆಸರು ಮೊದಲ ಸೀಸನ್‌ನಲ್ಲಿ ಸೆನೆಟ್ ಮಾತುಗಳ ನಡುವೆ ಹಾಗೇ ಹಾದುಹೋಗುತ್ತದೆ. ಅದನ್ನು ನೆನಪಿನಲ್ಲಿಡಿ.

ಏಕೆಂದರೆ ಎರಡನೇ ಸೀಸನ್ ತಿರುಗುವುದು ಘೋರ್ಮನ್ ಸುತ್ತ. ಇಲ್ಲಿ ಜನ ಎಡವುವುದು ಬೇರೆ ಕಡೆ. ಪ್ರತಿ ಮೂರು ಕಂತಿಗೆ ಒಂದು ವರ್ಷ ಹಾರುತ್ತದೆ: 1–3 ಬಿಬಿವೈ 4, 4–6 ಬಿಬಿವೈ 3, 7–9 ಬಿಬಿವೈ 2, 10–12 ಬಿಬಿವೈ 1. ನಡುವಿನ ವರ್ಷದಲ್ಲಿ ಏನಾಯಿತೆಂದು ಯಾರೂ ಹೇಳುವುದಿಲ್ಲ. ಒಬ್ಬರ ಮನೆ ಬದಲಾಗಿರುತ್ತದೆ, ಇಬ್ಬರ ಸ್ನೇಹ ಹಳಸಿರುತ್ತದೆ. ಮೊದಲ ಹತ್ತು ನಿಮಿಷದ ಮಾತಿನಲ್ಲೇ ಅದನ್ನು ಹಿಡಿದುಕೊಳ್ಳಬೇಕು. ದಿನಕ್ಕೊಂದು ಕಂತಿನಂತೆ ನೋಡಿ ಮೂರನೆಯ ಕಂತಿನಲ್ಲಿ ನಿಲ್ಲಿಸದೆ ನಾಲ್ಕಕ್ಕೆ ದಾಟಿದವರಿಗೆ ಏನೋ ತಪ್ಪಿಹೋಯಿತು ಎನ್ನಿಸುವುದು ಇದರಿಂದಲೇ. ಡಿಸ್ನಿ ವಾರಕ್ಕೆ ಮೂರರಂತೆ ನಾಲ್ಕು ವಾರ ಬಿಡುಗಡೆ ಮಾಡಿದ್ದು ಈ ಲೆಕ್ಕಕ್ಕೇ.

ಘೋರ್ಮನ್ ರೇಷ್ಮೆಯಂಥ ಬಟ್ಟೆಗೆ ಹೆಸರಾದ ಶ್ರೀಮಂತ ಲೋಕ. ಅದರ ನೆಲದಡಿ ಸಾಮ್ರಾಜ್ಯಕ್ಕೆ ಬೇಕಾದ ಕಾಲ್ಕೈಟ್ ಎಂಬ ಖನಿಜವಿದೆ. ಅಗೆದರೆ ಆ ಲೋಕವೇ ಉಳಿಯದಿರಬಹುದು. ಮೊದಲ ಕಂತಿನಲ್ಲೇ ಗುಟ್ಟಿನ ಸಭೆಯೊಂದರಲ್ಲಿ ಸಾಮ್ರಾಜ್ಯದ ಹಿರಿಯ ಅಧಿಕಾರಿ ಕ್ರೆನಿಕ್ ಇದನ್ನು ಮುಂದಿಡುತ್ತಾನೆ, ಊಟ ಉಪಚಾರದ ನಡುವೆ, ಒಂದು ಆಡಳಿತಾತ್ಮಕ ಸಮಸ್ಯೆಯೆಂಬಂತೆ. ನಾಜಿ ಅಧಿಕಾರಿಗಳು ಯಹೂದಿಗಳ ಸಾಮೂಹಿಕ ಕೊಲೆಯನ್ನು ಸಂಘಟಿಸಲು 1942ರ ಜನವರಿ 20ರಂದು ಬರ್ಲಿನ್ ಬಳಿಯ ವಾನ್‌ಸೇಯಲ್ಲಿ ಸೇರಿದ ಸಭೆ ಈ ದೃಶ್ಯದ ಮೂಲ. ಪ್ರಚಾರ ವಿಭಾಗದವರು ಘೋರ್ಮನ್ ಜನರನ್ನು ಸೊಕ್ಕಿನವರೆಂದು ಬಿಂಬಿಸುವ ಯೋಜನೆ ಹೇಳುತ್ತಾರೆ. ಅದು ಸಾಲದು, ತಪ್ಪು ಹೆಜ್ಜೆ ಇಡುವ ಬಂಡುಕೋರರೂ ಅಲ್ಲಿ ಬೇಕು ಎಂಬುದು ಡೆಡ್ರಾಳ ಸಲಹೆ. 4ನೇ ಕಂತಿನಿಂದ ಮುಂದಕ್ಕೆ ಯಾರು ಯಾರನ್ನು ಬೆಳೆಸುತ್ತಿದ್ದಾರೆ ಎಂಬುದನ್ನು ಈ ಬೆಳಕಿನಲ್ಲಿ ನೋಡಿ. 7, 8, 9ನ್ನಂತೂ ಒಂದೇ ಸಂಜೆ ಮುಗಿಸಿ. ಒಂಬತ್ತನೇ ಕಂತಿಗೆ ಡ್ಯಾನ್ ಗಿಲ್ರಾಯ್‌ಗೆ 2025ರಲ್ಲಿ ಬರವಣಿಗೆಯ ಎಮ್ಮಿ ಪ್ರಶಸ್ತಿ ಬಂತು.

ಕೊನೆಯ ಕಂತಿನ ಮಾರನೇ ದಿನವೇ ‘ರೋಗ್ ಒನ್’ ಹಾಕಿಕೊಳ್ಳಿ, 133 ನಿಮಿಷ. ಸರಣಿಗಿಂತ ಆರು ವರ್ಷ ಮೊದಲು ತಯಾರಾದ್ದರಿಂದ ಮಾನ್ ಮಾಥ್ಮಾಗೆ ಅದರಲ್ಲಿ ಕೆಲವೇ ದೃಶ್ಯ, ನಟಿ ಮಾತ್ರ ಅದೇ ಜೆನೆವೀವ್ ಓ’ರೈಲಿ. ಅದಾದ ಮೇಲೆ 1977ರ ಸಿನಿಮಾ, 121 ನಿಮಿಷ. ಧಾಟಿ ಒಮ್ಮೆಲೇ ಹಗುರಾಗುತ್ತದೆ, ಮಂತ್ರಶಕ್ತಿ, ರಾಜಕುಮಾರಿ ಎಲ್ಲ ಬರುತ್ತವೆ. ಅದರಲ್ಲಿ ಸಾಮ್ರಾಜ್ಯದ ಗ್ರಹನಾಶಕ ಯುದ್ಧನೆಲೆ ಡೆತ್ ಸ್ಟಾರ್‌ನ ಅಧಿಕಾರಿಗಳ ಸಭೆ ಬಂದಾಗ ಮಾತ್ರ ಕಿವಿ ತೆರೆದಿಡಿ. ಚಕ್ರವರ್ತಿ ಸೆನೆಟನ್ನು ವಿಸರ್ಜಿಸಿದ್ದಾನೆ, ಇನ್ನು ಮುಂದೆ ಪ್ರಾಂತಗಳ ಗವರ್ನರ್‌ಗಳೇ ನೇರವಾಗಿ ಆಳುತ್ತಾರೆ ಎಂದು ಆ ನೆಲೆಯ ಮುಖ್ಯಸ್ಥ ಟಾರ್ಕಿನ್ ಬಂದವನೇ ಹೇಳುತ್ತಾನೆ. ಸಿನಿಮಾದಿಂದಲೇ ಶುರು ಮಾಡಿದವರು ಆ ಮಾತನ್ನು ದಾಟಿ ಹೋಗುತ್ತಾರೆ. ನೀವು ಆಗಲೇ ಆ ಸೆನೆಟ್‌ನಲ್ಲಿ 24 ಕಂತು ಕುಳಿತಿರುತ್ತೀರಿ.